ಗೌಡರ ನಡುಮನೆ

"ಯಾವನೇ ಏಳ್ದೋನು ಮುಂಡೆ, ನನ್ನ ಇತ್ಲಿಗೆ ಕಾಲಿಕ್ಕು ಅಂತ?"

ಹೊನ್ನಪ್ಪಗೌಡರು ತಮ್ಮ ಆಲೆಮನೆಯ ಒಲೆಯ ಹತ್ತಿರವೇ ಬಂದು ನಿಂತು ಬೈಯುತ್ತಿದ್ದರು. ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ಮಂಚಮ್ಮ ತಲೆ ಎತ್ತಲಿಲ್ಲ. ಹಿಂದಿನ ದಿನ ಗೌಡರ ಸೊಸೆ ರಂಜಿತ ಕಿರುಚಿಕೊಂಡಾಗ ಊರಾಚೆಯ ದಲಿತರ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಹಿತ್ತಲಿಗೆ ನುಗ್ಗಿದವಳು ಅವಳೇ. ಇವರನ್ನು ಕಂಡು ಗೌಡರ ಮಗ ರಘುನಂದನ ಎತ್ತಿದ ಕೈ ಇಳಿಸಿ ಒಳಗೆ ಹೋಗಿದ್ದ.

ಮನೆಮನೆಯ ಹೊಡೆತ ಬಡಿತ ನಿಲ್ಲಿಸಲೆಂದು ಪಾಂಡವಪುರ ತಾಲ್ಲೂಕಿನ ಆ ಊರಿನಲ್ಲಿ ತೊಂಬತ್ತಾರರಲ್ಲಿ ಹೆಂಗಸರ ಸಂಘ ಕಟ್ಟಿಸಿದ್ದು ಸರ್ಕಾರವೇ. ಕೂರುವ ಕೋಣೆಗೆ, ತರಬೇತಿಗೆ ಅನುದಾನ ಬರುತ್ತಿತ್ತು. ಮಂಚಮ್ಮ ಮೊದಲು ತಡೆದದ್ದು ತನ್ನ ಗಂಡ ದ್ಯಾವಯ್ಯನ ಕೈಯನ್ನೇ. ಕೇರಿಯ ಕುಡುಕರನ್ನು ಹದ್ದುಬಸ್ತಿನಲ್ಲಿಟ್ಟಷ್ಟು ದಿನ ಗೌಡರೂ ಸಭೆಯಲ್ಲಿ ಅವಳನ್ನು ಹೊಗಳಿದ್ದರು.

ಮಧ್ಯಾಹ್ನ ಸಂಘದ ಯೋಜನೆ ನೋಡಿಕೊಳ್ಳುವ ಅಧಿಕಾರಿಯ ಜೀಪು ಬಂತು. ಆತ ಗೌಡರ ಜಗಲಿಯಲ್ಲಿ ಕಾಫಿ ಕುಡಿದು, ಅಂಗಳದಲ್ಲಿ ನಿಂತ ಹೆಂಗಸರಿಗೆ ಬುದ್ಧಿ ಹೇಳಿದ. ಯೋಜನೆ ಇರುವುದು ಕೇರಿಗೆ, ದೊಡ್ಡವರ ಮನೆ ವಿಚಾರಕ್ಕೆ ಹೋದರೆ ಅನುದಾನ ನಿಲ್ಲುತ್ತದೆ ಎಂದ.

"ನಮ್ ಗಂಡುಸ್ರು ಒಡುದ್ರೆ ಇಂಸೆ, ಗೌಡ್ರ ಮಗ ಒಡುದ್ರೆ ಮನೆ ಇಚಾರ್ವಾ ಸಾ?" ಎಂದಳು ಮಂಚಮ್ಮ.

ಅಧಿಕಾರಿ ಎದ್ದು ನಿಂತ. ಸಂಘದ ಕೋಣೆಯ ಬೀಗದ ಕೈ ಕೇಳಿದ. ಅವಳು ಸೊಂಟದಿಂದ ಬಿಚ್ಚಿ ಜಗಲಿಯ ಅಂಚಿನಲ್ಲಿಟ್ಟಳು.

ಜೀಪಿನ ಧೂಳು ಅಡಗುವ ಮುನ್ನವೇ ಒಳಗಿಂದ ರಂಜಿತಳ ಕೂಗು ಕೇಳಿತು. ಪಕ್ಕದಲ್ಲಿದ್ದ ಕುಳ್ಳಮ್ಮ ಮಂಚಮ್ಮನ ಸೆರಗು ಜಗ್ಗಿದಳು. ಇನ್ನು ಸಂಘವೇ ಇಲ್ಲ, ಈಗ ಒಳಗೆ ಹೋದರೆ ನಾಳೆ ಕೂಲಿಯೂ ಇಲ್ಲ ಎಂದು ಪಿಸುಗುಟ್ಟಿದಳು. ಮಂಚಮ್ಮ ಸೆರಗು ಬಿಡಿಸಿಕೊಂಡು, ಹುಟ್ಟಿದಾಗಿನಿಂದ ಹತ್ತದಿದ್ದ ಜಗಲಿ ಹತ್ತಿ ಹೊಸ್ತಿಲು ದಾಟಿದಳು.

ನಡುಮನೆಯ ಕಂಬದ ಬುಡದಲ್ಲಿ ರಂಜಿತ ಬಿದ್ದಿದ್ದಳು. ತುಟಿ ಒಡೆದಿತ್ತು. ಎಬ್ಬಿಸಲೆಂದು ಮಂಚಮ್ಮ ಕೈ ಚಾಚಿದರೆ ಅವಳು ಗೋಡೆಗೆ ಸರಿದಳು.

"ಮುಟ್ಬ್ಯಾಡ ಕಣೆ ಮಂಚಿ. ನೀನ್ ಮುಟ್ಟುದ್ರೆ ಅದ್ಕೂ ಸೇರ್ಸಿ ಒಡೀತಾರೆ."

ಚಾಚಿದ ಕೈ ಹಿಂದೆ ಬಂತು. ಮಂಚಮ್ಮನಿಗೆ ಸಿಟ್ಟು ಉಕ್ಕಿತು. ಯಾರ ಮೇಲಿನ ಸಿಟ್ಟೆಂದು ಅವಳಿಗೇ ತಿಳಿಯಲಿಲ್ಲ. ರಘುನಂದನ ಕೈಗೆ ಬೆಲ್ಟು ಸುತ್ತಿಕೊಂಡು ನಿಂತೇ ಇದ್ದ. ಹೊರಗೆ ಗೌಡರು ಆಳುಗಳನ್ನು ಕೂಗುತ್ತಿದ್ದರು. ಮಂಚಮ್ಮ ಗಂಡ ಹೆಂಡಿರ ನಡುವೆ, ರಂಜಿತಳಿಗೆ ಸೋಕದ ಹಾಗೆ, ನೆಲದ ಮೇಲೆ ಕಾಲು ಮಡಿಸಿ ಕುಳಿತುಬಿಟ್ಟಳು.

"ಅವ್ಳ್ ತಾವ್ಕೆ ಓಗ್ಬೇಕು ಅಂದ್ರೆ ನನ್ನ ಮುಟ್ಕಂಡೇ ಓಗ್ಬೇಕು, ಬುದ್ದಿ."

ರಘುನಂದನ ಕಾಲು ಎತ್ತಿದ, ಮತ್ತೆ ಇಳಿಸಿದ. ಜಗಲಿಯ ಮೇಲೆ ಆಳುಗಳು ದಬದಬ ಹತ್ತಿ ಬರುವ ಸದ್ದಾಯಿತು. ಮಂಚಮ್ಮ ಕಣ್ಣು ಮುಚ್ಚಲಿಲ್ಲ.