ಹೊಟ್ಟು ನಮಗಿರಲಿ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಯಜಮಾನರು ಗುರುಲಿಂಗಪ್ಪನವರಿಗೆ ಬಾಯಲ್ಲಿ ನೀರೂರುತ್ತದೆ. ಊರ ಸುತ್ತ ತೊಗರಿ ಹೊಲ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ತಲೆಗೆ ಜರಿ ರುಮಾಲು, ಏನಿದ್ದು ಏನು ಬಂತು? ಕೈ ಚಾಚುವುದು ಮೊದಲು, ಏನೆಂದು ಕೇಳುವುದು ಆಮೇಲೆ. ಗಂಡನನ್ನು ಹೀಗೆಲ್ಲ ಅನ್ನಬಾರದಂತೆ. ಅನ್ನುವ ಹಾಗೆ ಅವರು ಮಾಡಬಾರದಿತ್ತು.

ರಜಾಕಾರರ ಗದ್ದಲ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ದೇವೀಂದ್ರಪ್ಪ ಎಂಬ ಸಾಹುಕಾರ ವಾಡಿ ಸ್ಟೇಷನ್ನಿನ ಹತ್ತಿರ ಬೇಳೆಯ ಗಿರಣಿ ಹಾಕಿದ. ಚಿತ್ತಾಪುರದ ಕಡೆಯ ನಮ್ಮೂರಿಗೂ ಬಂದು, ಚಾವಡಿಯಲ್ಲಿ ಕಾಲುಮೇಲೆ ಕಾಲು ಹಾಕಿ ಕೂತು ಹೇಳಿದ.

"ತೊಗರಿ ಕೊಡ್ರಿ, ಬ್ಯಾಳಿ ಒಯ್ರಿ. ಒಂದು ಪೈಸಾ ಬ್ಯಾಡ. ಹೊಟ್ಟು, ನುಚ್ಚು ಅಷ್ಟ ನಮಗಿರಲಿ. ಕಸಾ ಅದು, ನಿಮಗ್ಯಾಕ?"

ಗಂಡಸರೆಲ್ಲ ತಲೆದೂಗಿದರು. ತಲೆಯೊಳಗೆ ಏನೂ ಇಲ್ಲದಿದ್ದರೆ ತೂಗುವುದು ಸಲೀಸು.

ಅಲ್ಲಿಯ ತನಕ ಬೇಳೆ ಮನೆಯಲ್ಲೇ ಆಗುತ್ತಿತ್ತು. ತೊಗರಿ ನೆನೆಸಿ, ಕೆಮ್ಮಣ್ಣು ಸವರಿ, ಬಿಸಿಲಿಗೆ ಒಣಗಿಸಿ, ಬೀಸುವ ಕಲ್ಲಿಗೆ ಹಾಕಿ ಒಡೆಯಬೇಕು. ಕಲ್ಲಿನ ಈ ಕಡೆ ನಾನು, ಆ ಕಡೆ ಮಾಳಮ್ಮ. ಅವಳು ಕೂಲಿಗೆ ಬರುವವಳು, ಬಾಯಿ ಮಾತ್ರ ಅತ್ತೆಯದು. ಒಡೆದ ನುಚ್ಚು ಅವಳ ಕೂಲಿ, ಅವಳ ಮನೆಯ ಒಲೆ ಹೊತ್ತುತ್ತಿದ್ದದ್ದು ಅದರಿಂದ. ಹೊಟ್ಟು ನಮ್ಮ ಎಮ್ಮೆಗೆ. ಕಸ ಅನ್ನುವುದು ಒಂದು ಹಿಡಿಯೂ ಉಳಿಯುತ್ತಿರಲಿಲ್ಲ.

"ಹೊಟ್ಟು ಅವಗ ಕೊಟ್ರ ಎಮ್ಮಿ ಏನ್ ತಿನಬೇಕ್ರಿ?" ಎಂದು ಕೇಳಿದೆ.

"ಜ್ವಾಳದ ಕಣಕಿ ಇಲ್ಲೇನು? ಕಾಲ ಬದಲಾಗ್ಯಾದ, ಮಹಾದೇವಮ್ಮ. ನೀ ಇನ್ನಾ ಕಲ್ಲ ತಿರುವಕೋತ ಕುಂದರ್ತಿ ಏನು?"

"ಮತ್ತ ಮಾಳಮ್ಮ?"

"ಆಕಿ ಎಲ್ಯಾರ ದುಡೀತಾಳ, ಬಿಡು."

ಎಷ್ಟು ಸುಲಭ ನೋಡಿ, ಬಿಡು ಅಂದರೆ ಆಯಿತು! ಇನ್ನು ಬರಬೇಡ ಎಂದು ಅವಳಿಗೆ ಹೇಳಿ ಕಳಿಸಿದವರೂ ಅವರೇ.

ಗಾಡಿ ಹೊಡೆಯುವ ಗನಿಸಾಬ ನಮ್ಮ ಅರ್ಧ ತೊಗರಿ ವಾಡಿಗೆ ಒಯ್ದು ಬೇಳೆ ತಂದು ಇಳಿಸಿದ. ಅದರ ಹೊಳಪೋ ಹೊಳಪು. ಯಜಮಾನರು ಅಂಗೈಯಲ್ಲಿ ಹಿಡಿದು ದಾರಿಯಲ್ಲಿ ಹೋಗುವವರನ್ನು ಕರೆಕರೆದು ತೋರಿಸಿದರು. "ಒಂದ ಸಿಪ್ಪಿ ಇಲ್ಲ ನೋಡ್ರಿ. ಬಂಗಾರ, ಬಂಗಾರ!" ಆ ಬಂಗಾರ ತೊಳೆದರೆ ನೀರು ಹಳದಿಯಾಗಿ, ಮೇಲೆ ಎಣ್ಣೆ ತೇಲುತ್ತಿತ್ತು. ಪಾತ್ರೆ ಒಯ್ದು ಅವರ ಮೂಗಿನ ಮುಂದೆ ಹಿಡಿದೆ. "ಅದು ಪಾಲಿಶ್, ನಿನಗ ತಿಳಿಯಂಗಿಲ್ಲ" ಎಂದರು. ಅವರಿಗೆ ಏನು ತಿಳಿದಿತ್ತೋ ಶಿವನೇ ಬಲ್ಲ.

ಶಿವರಾತ್ರಿಯ ಹೊತ್ತಿಗೆ, ಬಾಣಂತನಕ್ಕೆ ಬಂದಿದ್ದ ಮಗಳು ಲಲಿತಾಬಾಯಿ ಗಂಡು ಹೆತ್ತಳು. ಬೆನ್ನಿಗೇ ಜ್ವರ ಬಂದು ಅವಳ ಎದೆಹಾಲು ಬತ್ತಿತು. ಇನ್ನು ಕೂಸು ಉಳಿದರೆ ಎಮ್ಮೆಯ ಹಾಲಿನಿಂದಲೇ ಉಳಿಯಬೇಕು. ಎಮ್ಮೆಗೋ ಬರೀ ಒಣ ಕಣಿಕೆ. ಚರಿಗೆ ತುಂಬುತ್ತಿದ್ದ ಹಾಲು ಅರ್ಧಕ್ಕೆ ಬಂತು, ಆಮೇಲೆ ತಳ ಕಂಡಿತು. ನೀರು ಬೆರೆಸಿ ಕುಡಿಸಿದೆ. ಕೂಸು ಅಳುವುದನ್ನೂ ಬಿಟ್ಟು ಕುಂಯ್ ಕುಂಯ್ ಅನ್ನತೊಡಗಿದಾಗ ನನ್ನ ಜೀವವೇ ಹಾರಿಹೋಯಿತು. ಮನೆ ಮನೆ ತಿರುಗಿದೆ. ಎಲ್ಲರ ಹೊಟ್ಟೂ ವಾಡಿಗೆ ಹೋಗಿತ್ತು, ಎಲ್ಲರ ಎಮ್ಮೆಯೂ ಒಣಗಿತ್ತು.

ಆಗ ಯಜಮಾನರು ಎದ್ದು ವಾಡಿಗೆ ಹೋದರು. ನಮ್ಮ ಕಸ ಅಲ್ಲಿ ಚೀಲ ತುಂಬಿ, ಹೈದರಾಬಾದಿನ ಹಾಲಿನವರಿಗೆಂದು ರೈಲು ಹತ್ತುತ್ತಿತ್ತಂತೆ. ಪರಿಚಯದವರು ಎಂದು ದೇವೀಂದ್ರಪ್ಪ ಇವರಿಗೂ ಒಂದು ಚೀಲ ಕೊಟ್ಟ, ರೊಕ್ಕ ತಗೊಂಡು! ನಮ್ಮದೇ ಹೊಟ್ಟನ್ನು ಕೊಂಡು ತಂದು, ಏನೋ ಗೆದ್ದು ಬಂದವರ ಹಾಗೆ ಅಂಗಳದಲ್ಲಿ ಇಳಿಸಿದರು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಎಮ್ಮೆಯ ಮುಂದೆ ಸುರುವಿದೆ. ಹಳದಿ ಧೂಳು, ಕಮಟು ಎಣ್ಣೆ. ಎಮ್ಮೆ ಮೂಸಿ, ಬುಸ್ ಎಂದು ಮುಖ ತಿರುವಿತು. ಮೂಸಿ ನೋಡಿ ತಗೊಳ್ಳುವ ಬುದ್ಧಿ ಇಡೀ ಊರಲ್ಲಿ ಅದೊಂದಕ್ಕೇ ಇತ್ತು. ಬುದ್ಧಿ ಇದ್ದರೇನು, ಹಾಲು ಪೂರಾ ನಿಂತಿತ್ತು. ಇನ್ನು ಮುಂದಿನ ಕರು ಹಾಕುವ ತನಕ ಹನಿಯೂ ಇಲ್ಲ.

ಉಳಿದದ್ದು ಮಾಳಮ್ಮನ ಆಡು. ಜಾಲಿಕಾಯಿ ತಿಂದು ಬದುಕುವ ಆ ಆಡಿಗೆ ಯಾವ ಗಿರಣಿಯ ಹಂಗೂ ಇರಲಿಲ್ಲ. ಹೋಗಿ ಅವಳ ಬಾಗಿಲಲ್ಲಿ ನಿಂತೆ. ಕುಂದ್ರಿ ಅನ್ನಲಿಲ್ಲ.

"ಯಾಕ್ರಿ ಗೌಡಸಾನಿ, ಗಿರಣಿ ಹಾಲ ಕೊಡಂಗಿಲ್ಲೇನು?"

"ಕೂಸು ಸಾಯಲಿಕತ್ತದ, ಮಾಳಮ್ಮ."

ಅವಳು ಎದ್ದಳು. ಆಡು ಹಿಂಡಿದಳು, ಚೆಂಬು ನನ್ನ ಕೈಗೆ ಕೊಡದೆ ತಾನೇ ಹಿಡಿದು ನನ್ನ ಮುಂದೆ ಮುಂದೆ ನಡೆದಳು.

ಮನೆಗೆ ಬಂದರೆ ಅಂಗಳದಲ್ಲಿ ಗನಿಸಾಬನ ಗಾಡಿ. ಉಳಿದ ಅರ್ಧ ತೊಗರಿಯ ಚೀಲಗಳು ಅದರಲ್ಲಿ ಏರಿ ಕೂತಿದ್ದವು. ಕಟ್ಟೆಯ ಮೇಲೆ ದೇವೀಂದ್ರಪ್ಪ, ಪಕ್ಕದಲ್ಲಿ ಹಲ್ಲು ಕಿರಿಯುತ್ತ ಯಜಮಾನರು. ಮಾಳಮ್ಮ ಯಾರನ್ನೂ ನೋಡದೆ ನೇರ ಒಳಗೆ ಹೋಗಿ ಲಲಿತಾಬಾಯಿಗೆ ಹಾಲು ಕೊಟ್ಟಳು.

"ತಾಯಿ, ಬಿಸಲ ಭಾಳ ಅದ," ಎಂದ ದೇವೀಂದ್ರಪ್ಪ. "ಒಂದ್ ಚರಗಿ ಮಜ್ಜಿಗಿ ಕೊಡ್ರಿ."

ನನಗೆ ಪಿತ್ತ ನೆತ್ತಿಗೇರಿತು. "ಹೊಟ್ಟು ನಿಮ್ಮ ಕಡೆ ಅದ. ಹಿಂಡಕೊಂಡು ಕುಡೀರಿ!"

"ಏ, ಮನೀಗಿ ಬಂದವರಿಗಿ ಹಿಂಗ..." ಎಂದು ಯಜಮಾನರು ಎದ್ದರು.

ದೇವೀಂದ್ರಪ್ಪ ನಕ್ಕ. "ಇರಲಿ ಬಿಡ್ರಿ. ಪುಕ್ಕಟ ಮಾಡಿ ಕೊಟ್ಟೀನಿ, ಅದಕೂ ಬೈಗುಳ."

"ಪುಕ್ಕಟ? ಒಳಗ ಕೂಸು ಅದ. ಹೋಗಿ ಅದರ ಮುಂದ ಹೇಳ್ರಿ. ನಿಮ್ಮ ಹೊಳೆಯೋ ಬ್ಯಾಳಿ ರೊಕ್ಕ ಅದು ಕೊಟ್ಟದ!"

ಮಾಳಮ್ಮ ಹೊರಗೆ ಬಂದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬೀಸುವ ಕಲ್ಲನ್ನು ಸೆರಗಿನಿಂದ ಒರೆಸಿ ಕೂತಳು.

"ಕೂಸಿಗಿ ದಿನಾ ಹಾಲು ತರ್ತೀನ್ರಿ. ತೊಗರಿ ಗಾಡಿಯಿಂದ ಇಳೀಬೇಕು, ನನ್ನ ನುಚ್ಚು ನನಗ ಬರಬೇಕು. ಗೌಡಸಾನಿ ಬಾಣಂತಿ ನೋಡಲಿ. ಆ ಕಡಿಯಿಂದ ಕಲ್ಲಿನ ಗೂಟ ಯಜಮಾನರು ಹಿಡೀಲಿ."

"ನಾನು?" ಯಜಮಾನರ ದನಿ ಕೀರಲಾಯಿತು. "ಅದು ಹೆಣ್ಮಕ್ಕಳ ಕೆಲಸ."

"ಹೌದ್ರಿ. ಬಿಡಿಸಿದವ್ರು ನೀವು."

ಯಜಮಾನರು ಬೀದಿ ನೋಡಿದರು, ದೇವೀಂದ್ರಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ನಾನು ಅವರ ಸಹಾಯಕ್ಕೆ ಹೋಗಲಿಲ್ಲ. ಒಳಗಿನಿಂದ ಕೂಸು ಹಾಲಲ್ಲಿ ಅದ್ದಿದ ಅರಳೆಯ ಬತ್ತಿ ಚೀಪುವ ಸದ್ದು ಕೇಳುತ್ತಿತ್ತು. ಅವರಿಗೂ ಕೇಳಿಸಿತು. ರುಮಾಲು ತೆಗೆದು ಗೋಡೆಯ ಗೂಟಕ್ಕೆ ಸಿಕ್ಕಿಸಿದರು, ಧೋತರ ಎತ್ತಿಕೊಂಡು ಮಾಳಮ್ಮನ ಎದುರಿಗೆ ಕೂತರು. ಯಾರೂ ಹೇಳದಿದ್ದರೂ ಗನಿಸಾಬ ಚೀಲ ಇಳಿಸತೊಡಗಿದ.

ನಾನು ಯಜಮಾನರಿಗೆ ಕಾಣದಂತೆ ಮೊದಲೇ ಕೆಮ್ಮಣ್ಣು ಸವರಿ ಒಣಗಿಸಿಟ್ಟಿದ್ದ ಒಂದು ಬುಟ್ಟಿ ತೊಗರಿ ತಂದು ಪಕ್ಕದಲ್ಲಿಟ್ಟೆ. ಮಾಳಮ್ಮ ಒಂದು ಹಿಡಿ ಕಲ್ಲಿನ ಬಾಯಿಗೆ ಹಾಕಿದಳು. ಬೀದಿಯಲ್ಲಿ ಆಗಲೇ ನಾಲ್ಕು ಜನ ನಿಂತಿದ್ದರು.

"ಜೋರ್ ಹಚ್ರಿ ಯಜಮಾನ್ರ," ಎಂದಳು. "ಇದು ಪುಕ್ಕಟ ಅಲ್ಲ."

ನಾನು ಹೊಟ್ಟಿಗೆ ಮೊರ ಒಡ್ಡಿದೆ.