ಗೂಡಿನ ಮೇಲಿದ್ದ ಎಲೆಗಳು

ದರ್ಜಿ ಹೊಸ ಕ್ಯಾಮೆರಾ ಕೊಂಡ ಮೇಲೆ ಆ ಬೀದಿಯ ಪ್ರಾಣಿಗಳಿಗೆ ನೆಮ್ಮದಿ ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಮಲಗುತ್ತಿದ್ದ ನಾಯಿ ಅವನನ್ನು ಕಂಡರೆ ಎದ್ದು ಹೋಗುತ್ತಿತ್ತು. ಎದುರು ಮನೆಯ ಬೆಕ್ಕು ಗೋಡೆ ಹತ್ತುತ್ತಿತ್ತು. ತೆಗೆದ ಫೋಟೊಗಳಲ್ಲಿ ಒಂದರಲ್ಲಿ ಬಾಲ, ಇನ್ನೊಂದರಲ್ಲಿ ಬರೀ ಮಬ್ಬು. ಗಿರಾಕಿಗಳ ಪ್ಯಾಂಟುಗಳು ಮಾತ್ರ ಅರ್ಧಕ್ಕೇ ನಿಂತಿದ್ದವು.

"ನೀನೆಲ್ಲಿ ಅಳತೆ ತಗೋತೀಯೋ ಅಂತ ನಾಯಿಗೂ ಭಯ ಕಣೋ," ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಲಗಿದಲ್ಲೇ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕಿ ಕೊಡುವಳು. ತಮ್ಮನನ್ನು ಸಾಕಿದವಳು, ಅವನಿಗೆ ಕತ್ತರಿ ಹಿಡಿಯಲು ಕಲಿಸಿದವಳು ಅವಳೇ. ಈಗ ಅವಳ ಪಾಲಿನ ಪ್ರಪಂಚವೆಂದರೆ ಒಂದು ಕಿಟಕಿ. ಅದರಾಚೆ ಕಾಂಪೌಂಡಿಗೆ ಹಬ್ಬಿದ ಬಳ್ಳಿಯಲ್ಲಿ ಪುಟ್ಟ ಹಕ್ಕಿಯೊಂದು ಗೂಡು ಕಟ್ಟಿತ್ತು. ಗೂಡು ಕಣ್ಣಿಗೆ ಕಾಣುತ್ತಿರಲಿಲ್ಲ. ತಾಯಿ ಹಕ್ಕಿ ಎಲೆಗಳ ನಡುವೆ ನುಗ್ಗಿದ ಕೂಡಲೇ ಒಳಗಿಂದ ಮರಿಗಳ ಗಲಾಟೆ ಕೇಳುತ್ತಿತ್ತು. ಅಷ್ಟಕ್ಕೇ ಅಕ್ಕನ ಮುಖ ಅರಳುತ್ತಿತ್ತು.

"ನೋಡೋ, ಬಾಣಂತಿನೇ ದುಡಿದು ತಂದು ಬಡಿಸ್ತಾ ಇದಾಳೆ. ಮನೇಲಿ ಯಾರೂ ಇಲ್ಲ ಅಂತ ಕಾಣುತ್ತೆ."

ದರ್ಜಿಯ ಕಣ್ಣು ಗೂಡಿನ ಮೇಲೆ ಬಿತ್ತು. ಆದರೆ ಎಷ್ಟು ಫೋಟೊ ತೆಗೆದರೂ ಬರೀ ಎಲೆಗಳೇ. ಅವನ ಕ್ಯಾಮೆರಾ ಗುಂಪಿನಲ್ಲಿ ಎಲ್ಲರೂ ಗುರುಗಳು ಎಂದು ಕರೆಯುವ ಹಿರಿಯನೊಬ್ಬನಿದ್ದ. ಅವನಿಗೆ ಫೋನ್ ಮಾಡಿದ.

"ಎಲೆ ಅಡ್ಡ ಬಂದ್ರೆ ತೆಗೀರಿ. ದರ್ಜಿ ಹತ್ರ ಕತ್ತರಿ ಇಲ್ವೇನ್ರಿ? ಬೆಳಕು ಬೀಳ್ಬೇಕು, ಬೆಳಕು!"

"ಹಕ್ಕಿಗೆ ತೊಂದ್ರೆ ಆಗಲ್ವಾ ಗುರುಗಳೇ?"

"ನಾವೆಲ್ಲಾ ಮಾಡೋದೇ. ಗೂಡು ಮುಟ್ಟಬೇಡಿ, ಅಷ್ಟೇ. ಒಳ್ಳೆ ಫೋಟೊ ನೋಡಿದ ಜನಕ್ಕೆ ಹಕ್ಕಿ ಮೇಲೆ ಪ್ರೀತಿ ಬರುತ್ತೆ. ಅದೂ ಒಂದು ಸೇವೆನೇ."

ಮಧ್ಯಾಹ್ನ ಅಕ್ಕ ಮಾತ್ರೆ ನುಂಗಿ ನಿದ್ದೆ ಹೋದಾಗ ದರ್ಜಿ ದಾರ ಕತ್ತರಿಸುವ ಸಣ್ಣ ಕತ್ತರಿ ಹಿಡಿದು ಬಳ್ಳಿಯ ಬಳಿಗೆ ಹೋದ. ಕಾಲರಿನ ಬಟ್ಟೆ ಕತ್ತರಿಸುವಷ್ಟೇ ನಾಜೂಕಾಗಿ ಒಂದೊಂದೇ ಎಲೆ ತೆಗೆದ. ಗೂಡಿಗೆ ಕೈ ತಾಗಲಿಲ್ಲ, ಆ ಬಗ್ಗೆ ಅವನಿಗೆ ಹೆಮ್ಮೆಯೇ ಇತ್ತು. ತಾಯಿ ಹಕ್ಕಿ ಬಂದಾಗ ಮೂರು ಮರಿಗಳೂ ಬಾಯಿ ತೆರೆದವು. ಬಿಸಿಲು ನೇರವಾಗಿ ಅವುಗಳ ಮೇಲೆ ಬಿದ್ದಿತ್ತು. ಅವನು ಫೋಟೊ ತೆಗೆದು ಗುಂಪಿಗೆ ಕಳಿಸಿದ. ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಹೊಗಳಿಕೆಯ ಸುರಿಮಳೆ. ದರ್ಜಿ ಹಿಗ್ಗಿ ಹೀರೇಕಾಯಿಯಾದ.

"ಬಳ್ಳಿ ಯಾಕೋ ಬೋಳಾಗಿದೆಯಲ್ಲೋ," ಎಂದಳು ಅಕ್ಕ.

"ಗಾಳಿಗೆ ಉದುರಿರಬೇಕು," ಎಂದ.

ಮರುದಿನ ಬೆಳಿಗ್ಗೆ ದರ್ಜಿ ಅಂಗಡಿ ಗುಡಿಸುತ್ತಿದ್ದಾಗ ಅಕ್ಕ ಚೀರಿದಳು. ಅವನು ಒಳಗೆ ಓಡಿದರೆ, ಅವಳು ಹಾಸಿಗೆಯಲ್ಲಿ ಅರ್ಧ ಎದ್ದು ಗುಂಡಿ ಹಾಕುತ್ತಿದ್ದ ಅಂಗಿಯನ್ನೇ ಕಿಟಕಿಯತ್ತ ಬೀಸುತ್ತಿದ್ದಳು. ಕಾಗೆ ಒಂದು ಮರಿಯನ್ನು ಆಗಲೇ ಒಯ್ದಿತ್ತು. ಅವನು ಸುತ್ತು ಹಾಕಿ ಹೊರಗೆ ಹೋಗುವಷ್ಟರಲ್ಲಿ ಇನ್ನೊಂದೂ ಹೋಯಿತು. ತಾಯಿ ಹಕ್ಕಿ ತಂತಿಯ ಮೇಲೆ ಕೂತು ಬಾಯಿ ಬಡಿದುಕೊಳ್ಳುತ್ತಿತ್ತು.

ಒಂದು ಮರಿ ಉಳಿದಿತ್ತು. ದರ್ಜಿ ಹಸಿರು ಬಟ್ಟೆಯ ತುಂಡೊಂದನ್ನು ಬಳ್ಳಿಗೆ ಕಟ್ಟಿ ಗೂಡಿಗೆ ಮರೆ ಮಾಡಿದ. ಪಕ್ಕದಲ್ಲೇ ಕೋಲು ಹಿಡಿದು ಕಾವಲು ಕೂತ. ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಂಡಿತು. ತಾಯಿ ಹಕ್ಕಿ ಹತ್ತಿರ ಬರುವುದು, ಹೆದರಿ ಮತ್ತೆ ತಂತಿಗೆ ಹಾರುವುದು, ಇದೇ ಆಯಿತು.

"ಎದ್ದು ಬಾರೋ. ನೀನು ಅಲ್ಲಿದ್ರೆ ಅದು ಬರಲ್ಲ!"

"ನಾನು ಎದ್ರೆ ಕಾಗೆ ಬರುತ್ತಲ್ಲಕ್ಕಾ."

ಸಂಜೆಯ ಹೊತ್ತಿಗೆ ಮರಿಯ ಕತ್ತು ಗೂಡಿನ ಅಂಚಿಗೆ ವಾಲಿತು.

ಅವನು ಕೋಣೆಗೆ ಬಂದಾಗ ಅಕ್ಕ ಬೋಳು ಬಳ್ಳಿಯತ್ತ ಕೈ ತೋರಿಸಿದಳು. "ಗಾಳಿಗೆ ಉದುರಿದ್ದಾ?"

"ನಾನೇ ಕತ್ತರಿಸ್ದೆ. ಫೋಟೊಗೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನ ಎದೆಯ ಭಾರ ಸ್ವಲ್ಪವಾದರೂ ಇಳಿಯುತ್ತಿತ್ತು. "ಮಂಚಾನ ಗೋಡೆ ಕಡೆ ತಿರುಗಿಸಿಬಿಡು," ಎಂದಳು. ಅವನು ತಿರುಗಿಸಿದ.

ಅಷ್ಟರಲ್ಲಿ ಗುಂಪಿನವರು ಆ ಫೋಟೊವನ್ನು ತಮ್ಮ ಪ್ರದರ್ಶನಕ್ಕೆ ಆರಿಸಿದ್ದರು. ಮರಿಗಳು ಸತ್ತ ಸುದ್ದಿ ಹೇಳಿದಾಗ ಗುರುಗಳು ಲೊಚಗುಟ್ಟಿದರು. "ಛೆ, ಪಾಪ. ಕಾಗೆಗೂ ಹೊಟ್ಟೆ ಇದೆಯಲ್ಲಾ. ಹಕ್ಕಿ ಮತ್ತೆ ಮೊಟ್ಟೆ ಇಡುತ್ತೆ ಬಿಡಿ. ಫೋಟೊ ಅಂತೂ ಉಳೀತು."

ಪ್ರದರ್ಶನದ ದಿನ ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು ಆ ಫೋಟೊದ ಮುಂದೆ ನಿಂತಿದ್ದಳು. ತೆಗೆದವನು ಇವನೇ ಎಂದು ಗೊತ್ತಾದ ಕೂಡಲೇ ಹತ್ತಿರ ಬಂದಳು.

"ನಮ್ಮನೆ ಗಿಡದಲ್ಲೂ ಒಂದು ಗೂಡಿದೆ, ಅಣ್ಣ. ಎಲೆ ಅಡ್ಡ ಬರುತ್ತೆ. ನೀವು ಹೇಗೆ ತೆಗೆದ್ರಿ?"

"ಎಲೆ ಕತ್ತರಿಸಿ ತೆಗೆದೆ ಕಣಮ್ಮ. ಮಾರನೇ ದಿನ ಎರಡು ಮರೀನ ಕಾಗೆ ಹೊತ್ಕೊಂಡು ಹೋಯ್ತು. ಇನ್ನೊಂದು ಹಸಿವಿಂದ ಸತ್ತೋಯ್ತು. ಅಡ್ಡ ಇದ್ರೆ ಇರಲಿ. ನೀನು ಕತ್ತರಿಸಬೇಡ."

ಹುಡುಗಿಯ ಮುಖ ಸಪ್ಪಗಾಯಿತು. ಮತ್ತೆ ಫೋಟೊದ ಕಡೆ ತಿರುಗಿದಳು. ಮೂರು ಮರಿಗಳೂ ಬಾಯಿ ತೆರೆದು ಕಾಯುತ್ತಿದ್ದವು.

"ಆದ್ರೂ ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ, ಅಲ್ವಾ ಅಣ್ಣ?"

ದರ್ಜಿ ಮೊಳೆಯಿಂದ ಫೋಟೊ ಇಳಿಸಿ, ಕಂಕುಳಲ್ಲಿ ಇರುಕಿಕೊಂಡು, ಗುರುಗಳು ಹಿಂದಿನಿಂದ ಕೂಗುತ್ತಿದ್ದರೂ ತಿರುಗದೆ ಹೊರಗೆ ನಡೆದ.