ಸೀತಾರಾಮಪ್ಪ ಮೇಸ್ತ್ರಿಯ ಒರಟು ಕೆಲಸ

ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಯಾರನ್ನಾದರೂ ಕೇಳಿ, ಸೀತಾರಾಮಪ್ಪ ಮೇಸ್ತ್ರಿ ಕರಣೆ ಎಳೆದ ಗಾರೆಯ ಮೇಲೆ ನೊಣ ಕೂತರೂ ಜಾರುತ್ತದೆ ಎನ್ನುತ್ತಾರೆ. ಆ ಸೀತಾರಾಮಪ್ಪ ನಾನೇ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ತಪ್ಪು ಶುರುವಾಗುವುದೇ ಇಲ್ಲಿಂದ.

ಒಂಬತ್ತು ವರ್ಷದ ಹಿಂದೆ ಕುಂದುರ್ಪಿ ಕಡೆಯ ನಮ್ಮ ಹಳ್ಳಕ್ಕೆ ಅಡ್ಡಲಾಗಿ ಎದೆಮಟ್ಟದ ಚೆಕ್ ಡ್ಯಾಮ್ ಕಟ್ಟಿದವನೂ ನಾನೇ. ಬಾವಿಗಳಲ್ಲಿ ನೀರು ನಿಂತಿತು, ಊರು ಹೊಗಳಿತು. ಹೊಸನೀರು ಬಂದಾಗ ಕೆಳಗಿನ ಕೆರೆಯ ಗೆಂಡೆ, ಪಕ್ಕೆ ಮೀನುಗಳು ಮೊಟ್ಟೆಯಿಡಲು ಇದೇ ಹಳ್ಳ ಹಿಡಿದು ಮೇಲಿನ ಕೆರೆಗೆ ಹೋಗುತ್ತವೆ ಎಂಬುದು ಮಾತ್ರ ನನ್ನ ತಲೆಗೇ ಬರಲಿಲ್ಲ. ಮೀನು ಗೋಡೆಗೆ ಬಡಿದು ಕೆಳಗೆ ಬಿದ್ದವು. ನಾವು ಬುಟ್ಟಿಯಲ್ಲಿ ಬಾಚಿಕೊಂಡು ಉಂಡೆವು. ನಾಲ್ಕು ವರ್ಷದಲ್ಲಿ ಮೇಲಿನ ಕೆರೆ ತುಂಬಿದರೂ ಬಲೆಗೆ ಬರೀ ಪಾಚಿ ಸಿಗುವಂತಾಯಿತು.

ಆ ಕೆರೆಯ ಮೀನು ಹಿಡಿದು ಮಾರಿ ಬದುಕುತ್ತಿದ್ದವಳು ನನ್ನ ಸ್ವಂತ ಅಕ್ಕ ಗೌರಕ್ಕ. ಬಲೆ ಮಡಚಿ ಅಟ್ಟಕ್ಕೆ ಹಾಕಿ, ದಿನಾ ಕಲ್ಯಾಣದುರ್ಗದ ಬಸ್ಸು ಹತ್ತಿ ಕೂಲಿಗೆ ಹೋಗತೊಡಗಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ಬೇಸಿಗೆಯಲ್ಲಿ ಹಿಂದೂಪುರದಿಂದ ರಮ್ಯಾ ಎಂಬ ಇಂಜಿನಿಯರಮ್ಮ ಬಂದರು. ಗೋಡೆಯ ಒಂದು ಬದಿಯನ್ನು ಒಡೆದು ತಗ್ಗಿಸಿ, ಅಲ್ಲಿಂದ ಕೆಳಕ್ಕೆ ಉದ್ದನೆಯ ಕಲ್ಲಿನ ಇಳಿಜಾರು ಕಟ್ಟಿದರೆ ಮೀನು ಮತ್ತೆ ಹತ್ತುತ್ತವೆ ಎಂದರು. ಪುಣ್ಯಕ್ಕೆ ಕೆಲಸ ನನಗೇ ಬಂತು. "ಮೇಸ್ತ್ರಿಗಾರೂ, ಗರುಕುಗಾ ಉಂಡನೀ, ಕಲ್ಲು ಎದ್ದು ಕಾಣ್ಲಿ" ಎಂದು ಎರಡೆರಡು ಸಲ ಹೇಳಿ ಅವರು ಊರಿಗೆ ಹೋದರು.

ಒರಟಾಗಿರಲಿ ಅಂತೆ! ಮೂವತ್ತು ವರ್ಷ ಕರಣೆ ಹಿಡಿದ ಕೈ ಸುಮ್ಮನಿರುತ್ತದೆಯೇ? ಪಾಪ, ಈ ಹುಡುಗಿಗೆ ಫಿನಿಶಿಂಗ್ ಗೊತ್ತಿಲ್ಲ ಎಂದುಕೊಂಡೆ. ಅಕ್ಕನಿಗಾಗಿ ಮಾಡುವ ಕೆಲಸ, ಚಂದವಾಗಿರಲಿ ಎಂದು ಕಲ್ಲುಗಳನ್ನೆಲ್ಲ ಗಾರೆಯಲ್ಲಿ ಮುಚ್ಚಿ ಕನ್ನಡಿಯಂತೆ ನುಣುಪು ಮಾಡಿದೆ. ಅದಕ್ಕೇ ಹತ್ತು ದಿನ ಹಿಡಿಯಿತು. ಆಮೇಲೆ ಅಕ್ಕನನ್ನು ಕರೆದು ತೋರಿಸಿದೆ.

ಅವಳು ಮೇಲಿಂದ ಒಂದು ಬಿಂದಿಗೆ ನೀರು ಸುರಿದು, ಸೀರೆ ಎತ್ತಿ ಕಟ್ಟಿ, ಕೆಳಗಿನಿಂದ ಹತ್ತಲು ಕಾಲಿಟ್ಟಳು. ಎರಡನೇ ಹೆಜ್ಜೆಗೇ ಜಾರಿ ದೊಪ್ಪನೆ ಕೂತಳು. ನಾನು ಎತ್ತಲು ಓಡಿದೆ.

"ಮುಟ್ಬೇಡ ಕಣ್ಲಾ! ಎರಡು ಕಾಲಿರೋ ನಾನೇ ನಿಲ್ಲಕ್ಕಾಗ್ಲಿಲ್ಲ. ಗೇಣುದ್ದದ ಮೀನು, ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡು ಬತ್ತದೆ, ಅದು ಎಲ್ಲಿ ನಿಂತ್ಕೊಂಡು ಉಸ್ರು ಬಿಡ್ಬೇಕು? ಚೆಪ್ಪು, ಹೇಳ್ಲಾ! ನಿನ್ ಮಕಕ್ಕೆ ಫಿನಿಶಿಂಗು!"

ಒಂಬತ್ತು ವರ್ಷದ ಬೈಗುಳವೆಲ್ಲ ಅಂದು ಒಟ್ಟಿಗೆ ಬಂತು. ಕೂಲಿಯವರ ಮುಂದೆ ಮಾನ ಹೋದಂತಾಗಿ ನಾನೂ ಕೂಗಾಡಿದೆ, ಕರಣೆ ಎಸೆದೆ. ಮರುದಿನ ಬೆಳಿಗ್ಗೆ ಮಾತ್ರ ಉಳಿ ಸುತ್ತಿಗೆ ಹಿಡಿದು, ನನ್ನ ಕೈಯ ಅತಿ ಚಂದದ ಕೆಲಸವನ್ನು ನಾನೇ ಒಡೆಯಲು ಕೂತೆ. ಮಾಡಿದ್ದುಣ್ಣೋ ಮಾರಾಯ. ಅಕ್ಕ ಕೂಲಿ ಬಿಟ್ಟು ಬಂದು ಹಳ್ಳದ ದುಂಡುಗಲ್ಲು ಹೊತ್ತು ತಂದಳು. ಒಂದೊಂದು ಕಲ್ಲಿನ ಮರೆಯಲ್ಲೂ ಮೀನು ತಂಗಲು ಜಾಗ ಬಿಡಿಸಿದಳು. ಅಂಥವಳಿಂದ ಬೈಸಿಕೊಂಡಿದ್ದು ನನ್ನ ಭಾಗ್ಯವೆಂದೇ ಇವತ್ತಿಗೂ ಅಂದುಕೊಳ್ಳುತ್ತೇನೆ.

ಕೆಳಗಿನಿಂದ ಗಾರೆ ಒಡೆಯುತ್ತ, ಕಲ್ಲು ಕೂರಿಸುತ್ತ ಬಂದೆವು. ಮೇಲಿನ ಒಂದು ಮಾರು ನುಣುಪು ಒಡೆಯುವುದು ಬಾಕಿಯಿರುವಾಗಲೇ ಮಳೆ ಹುಯ್ದು ಹಳ್ಳ ಬಂದೇಬಿಟ್ಟಿತು. ನುಣುಪಿಗೆಂದು ಹಾಳು ಮಾಡಿದ ಹತ್ತು ದಿನ ಈಗ ಕೈಯಲ್ಲಿದ್ದಿದ್ದರೆ ಎಂದು ಹಲುಬಿದೆ.

ಬೆಳಕು ಹರಿದೊಡನೆ ಇಬ್ಬರೂ ಓಡಿದೆವು. ಬುಟ್ಟಿ ಹಿಡಿದವರು ಆಗಲೇ ಸಾಲುಗಟ್ಟಿದ್ದರು. ಅಕ್ಕ ಅವರಿಗೆ ಕೈಮುಗಿದಳು. "ಈ ಒಂದ್ ವರ್ಸ ಬಿಟ್ಬುಡ್ರಪ್ಪ, ಮೇಲಕ್ಕೋಗ್ಲಿ. ಮರಿಯಾದ್ರೆ ನಿಮ್ಗೂ ಬತ್ತವೆ." ಕೆಳಗಿನೂರಿನ ಕದಿರಣ್ಣ ಮೊದಲು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತ. ಉಳಿದವರೂ ಕುಳಿತರು. ಅವರೆಲ್ಲರ ಹೊಟ್ಟೆ ತಣ್ಣಗಿರಲಿ.

ಮೀನು ಬಂದವು. ಕಲ್ಲಿನಿಂದ ಕಲ್ಲಿಗೆ ತಂಗಿ ತಂಗಿ ಹತ್ತಿದವು. ಮೇಲಿನ ಆ ನುಣುಪು ಜಾಗಕ್ಕೆ ಬಂದೊಡನೆ ಜಾರಿ ಹಿಂದಕ್ಕೆ ಬಿದ್ದವು. ಮೂರು ಸಲ, ನಾಲ್ಕು ಸಲ. ಅಕ್ಕ ಬಾಯಿಗೆ ಸೆರಗು ಒತ್ತಿ ನಿಂತಳು. ಈ ನೀರು ಇಳಿದರೆ ಇನ್ನೊಂದು ವರ್ಷ ಕಾಯಬೇಕು; ನಮ್ಮ ಸೀಮೆಯಲ್ಲಿ ಆಗಲೂ ಹಳ್ಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನನಗೆ ಬೇರೇನೂ ತೋಚಲಿಲ್ಲ. ನೀರಿಗಿಳಿದು, ಬದಿಯ ಗೋಡೆ ಹಿಡಿದು, ಆ ನುಣುಪಿನ ನಡುವಿಗೆ ಕಾಲು ಅಡ್ಡ ಚಾಚಿ ಕುಳಿತೆ. ಬಡಿದ ನೀರಿನ ರಭಸ ಮುರಿದು, ಕಾಲಿನ ಕೆಳಬದಿಯಲ್ಲಿ ಅಂಗೈಯಗಲ ನೀರು ಸುಮ್ಮನಾಯಿತು.

"ಅಲ್ಲಾಡ್ಬೇಡ ಕಣ್ಲಾ, ಕಲ್ಲಿದ್ದಂಗಿರು" ಎಂದಳು ಅಕ್ಕ.

ಹೊಟ್ಟೆ ಉಬ್ಬಿದ ಒಂದು ಗೆಂಡೆ ಮೇಲೆ ಬಂದು ನನ್ನ ಕಾಲಿಗೆ ಒರಗಿ ನಿಂತಿತು. ಅದರ ಕಿವಿರು ಆಡುವುದು ಚರ್ಮಕ್ಕೆ ತಿಳಿಯುತ್ತಿತ್ತು. ದಾರಿ ಮುಚ್ಚಿದವನ ಕಾಲೇ ಇದು ಎಂದು ಅದಕ್ಕೇನು ಗೊತ್ತು, ನಂಬಿ ಒರಗಿತು. ನನಗೆ ಅಳು ಬಂತು. ಅಲ್ಲಾಡದೆ ಅತ್ತೆ. ಸ್ವಲ್ಪ ದಣಿವಾರಿಸಿಕೊಂಡು, ನನ್ನ ಪಾದ ಬಳಸಿ, ಬಾಲ ಬಡಿದು ಅದು ಮೇಲಿನ ನೀರು ಸೇರಿತು.

"ಇನ್ನೂ ಬತ್ತಾ ಅವೆ ಸೀತ, ಹಿಂಡೇ ಐತೆ" ಎಂದ ಅಕ್ಕ, ಎದುರು ಬದಿಗೆ ಹೋಗಿ ಕುಳಿತು ತನ್ನ ಕಾಲನ್ನೂ ನೀರಿಗೆ ಚಾಚಿದಳು. ಮಧ್ಯಾಹ್ನದವರೆಗೂ ಅಕ್ಕ ತಮ್ಮ ಹಾಗೇ ಕೂತಿದ್ದೆವು.